ಕಫದ ಡಬ್ಬಿಯ ಜೊತೆ ಅರ್ಧ ಗಂಟೆ

ಕಾಸರಗೋಡು ಜಿಲ್ಲೆಯ ಬೆಳ್ಳೂರಿನ ಮನೆಯೊಂದರ ಜಗಲಿ. ಅಂಗಳದಲ್ಲಿ ಚಾಲಿ ಅಡಿಕೆ ಒಣಗುತ್ತಿತ್ತು. ಆಶಾ ಕಾರ್ಯಕರ್ತೆ ಹಿಂದಿನ ಸಂಜೆ ಇಟ್ಟುಹೋದ ಖಾಲಿ ಡಬ್ಬಿ ಸಂದರ್ಶನಕ್ಕೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ‘ಸುಮ್ಮಸುಮ್ಮನೆ ಮುಚ್ಚಳ ತೆರೆಯಬಾರದು.’

ಕ್ಷಯ ಪತ್ತೆಯಲ್ಲಿ ನಿಮ್ಮ ಪಾತ್ರವೇನು ಎಂದು ಪತ್ರಕರ್ತ ಕೇಳಿದ್ದೇ ತಡ, ಡಬ್ಬಿ ಕೆರಳಿತು. ‘ಪಾತ್ರವೇ? ನಾನೇ ಪಾತ್ರೆ! 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರೋಗಾಣು ಸಿಕ್ಕಿತೆಂದು ಸಾರಿದ ರಾಬರ್ಟ್ ಕಾಕ್‌ಗೆ ಹೆಸರು ಬಂತು. ಅದಕ್ಕೆ ಬಣ್ಣ ಹಚ್ಚುವ ವಿಧಾನದಿಂದ ಝೀಲ್, ನೀಲ್ಸನ್ ಅಮರರಾದರು. ನನಗೆ ಸಿಕ್ಕಿದ್ದು ಥೂ!’

ಪತ್ರಕರ್ತ ನಕ್ಕ. ನಗು ಕೆಮ್ಮಾಯಿತು.

‘ಅದೂ ಸರಿಯಾದ ಥೂ ಅಲ್ಲ,’ ಡಬ್ಬಿ ಮುಂದುವರಿಸಿತು. ‘ಮಲಯಾಳದಲ್ಲಿ ತುಪ್ಪಲ್ ಅಂದರೆ ಉಗುಳು. ನಮ್ಮ ಕನ್ನಡದ ಅಜ್ಜಿಗೆ ಕೇಳಿಸುವುದು ತುಪ್ಪ! ಎರಡೂ ನನಗೆ ಬೇಡ. ಬೆಳಗ್ಗೆ ಬಾಯಿ ಮುಕ್ಕಳಿಸಿ, ಅಂಗಳದ ಗಾಳಿಗೆ ಬಂದು, ಎರಡು ಸಲ ಉದ್ದಕ್ಕೆ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು. ಒಂದು ಮಿಲಿಲೀಟರಿನಲ್ಲಿ ಐದರಿಂದ ಹತ್ತು ಸಾವಿರ ರೋಗಾಣು ಇದ್ದರಷ್ಟೇ ಸೂಕ್ಷ್ಮದರ್ಶಕಕ್ಕೆ ನೀಲಿಯ ನಡುವೆ ಕೆಂಪು ಕಡ್ಡಿ ಕಂಡೀತು.’

ಈಗ ಗೋವಾದಲ್ಲಿ ತಯಾರಾಗುವ ಟ್ರೂನ್ಯಾಟ್ ಪರೀಕ್ಷಾ ಯಂತ್ರ ಇದೆಯಲ್ಲ?

‘ಇದೆ. ಬ್ಯಾಟರಿಯಲ್ಲೂ ಓಡುತ್ತದೆ, 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿದೆ. ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಕಡಿಮೆ ರೋಗಾಣುಗಳನ್ನೂ ಹಿಡಿಯುತ್ತದೆ. ಆದರೆ ನನ್ನೊಳಗೆ ಬರೀ ಎಂಜಲಿದ್ದರೆ ಅದು ಹಿಡಿಯುವುದೇನನ್ನು?’

ರಕ್ತಪರೀಕ್ಷೆ ಮರ್ಯಾದಸ್ಥರಿಗೆ ಅನುಕೂಲವಲ್ಲವೇ ಎಂದಾಗ ಡಬ್ಬಿ ಗಂಭೀರವಾಯಿತು. ‘ಆ ಮರ್ಯಾದೆಯ ಮೇಲೆ ಭರ್ಜರಿ ವ್ಯಾಪಾರ ನಡೆಯಿತು. ತಪ್ಪು ಫಲಿತಾಂಶ ಕೊಡುತ್ತಿದ್ದ ಆ ಪ್ರತಿಕಾಯ ಪರೀಕ್ಷೆಗಳನ್ನು ಕೇಂದ್ರ ಸರಕಾರ 2012ರಲ್ಲಿ ನಿಷೇಧಿಸಿತು.’

ನಿಮ್ಮ ಶತ್ರು ಯಾರು?

‘ಕೆಮ್ಮಿನ ಔಷಧದ ಬಾಟಲಿ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ, ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ 1963ರಲ್ಲಿ ಪ್ರಕಟಿಸಿದ್ದನ್ನು ಓದಿ. ಕ್ಷಯವಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಬಹುತೇಕರನ್ನು ಬಾಟಲಿ ಕೊಟ್ಟು ಸಾಗಹಾಕಲಾಗಿತ್ತು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲವೆಂದು ಭಾಷಣ ಬಿಗಿಯುವವರಿಗೆ ಇದನ್ನು ಹೇಳಿ.’

ಪತ್ರಕರ್ತ ಬರೆದುಕೊಳ್ಳುತ್ತಾ ಮತ್ತೆ ಕೆಮ್ಮಿದ.

‘ಎಷ್ಟು ದಿನವಾಯಿತು?’ ಈಗ ಪ್ರಶ್ನೆ ಡಬ್ಬಿಯದು.

‘ಮೂರು ವಾರ ಆಗಿರಬೇಕು. ಸಿರಪ್ ಕುಡಿಯುತ್ತಿದ್ದೇನೆ.’

‘ಎರಡು ವಾರ ದಾಟಿದ ಕೆಮ್ಮಿಗೆ ಸಿರಪ್ಪೇ? ಪೆನ್ನು ಕೈಯಲ್ಲೇ ಇದೆಯಲ್ಲ, ನಿಮ್ಮ ಹೆಸರು ಬರೆಯಿರಿ. ಮುಚ್ಚಳದ ಮೇಲಲ್ಲ ಮಾರಾಯ್ರೇ, ಅದು ಅದಲುಬದಲಾದೀತು. ನನ್ನ ಮೈಮೇಲೆ.’