ಎಲೆ ಹಳದಿಯಾದ ಕೂಡಲೇ ಅಂಗಡಿಗೆ ಓಡಬೇಡಿ: ಹೊಸ ಕಾಫಿ ಬೆಳೆಗಾರರಿಗೆ ಬಹಿರಂಗ ಪತ್ರ

ಸಕಲೇಶಪುರ, ಆಲೂರು ಭಾಗದಲ್ಲಿ ಮೊದಲ ಬಾರಿಗೆ ಕಾಫಿ ಗಿಡ ನೆಟ್ಟಿರುವ ಎಲ್ಲರಿಗೂ,

ಜೂನ್‌ನಲ್ಲಿ ನೆಟ್ಟ ಗಿಡಗಳು ಮಳೆ ಹೊಳವಾಗುವ ಹೊತ್ತಿಗೆ ಅಲ್ಲಲ್ಲಿ ಹಳದಿಗೆ ತಿರುಗುತ್ತವೆ. ಸಾಲ ಮಾಡಿ, ಆಳು ಹುಡುಕಿ, ಗುಂಡಿ ತೆಗೆಸಿ ನೆಟ್ಟವರಿಗೆ ಅದನ್ನು ನೋಡಿದರೆ ಎದೆ ಧಸಕ್ಕೆನ್ನುವುದು ಸಹಜ. ಆಗ ಬಹಳ ಮಂದಿ ಒಂದು ಎಲೆ ಕಿತ್ತು ಔಷಧಿ ಅಂಗಡಿಗೆ ಹೋಗುತ್ತಾರೆ, ಅಲ್ಲಿ ಕೊಟ್ಟ ಎರಡು ಮೂರು ಬಾಟಲಿಗಳನ್ನು ಒಂದೇ ಡ್ರಮ್ಮಿಗೆ ಸುರಿದು ತೋಟಕ್ಕೆಲ್ಲ ಹೊಡೆಸುತ್ತಾರೆ. ದಯವಿಟ್ಟು ಇದನ್ನು ನಿಲ್ಲಿಸಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಹಳದಿ ಎಂಬುದು ಜ್ವರದ ಹಾಗೆ. ಅದು ಲಕ್ಷಣವೇ ಹೊರತು ಕಾಯಿಲೆಯಲ್ಲ. ಬಿಸಿಲೆ ಘಾಟಿಗೆ ಹತ್ತಿರದ ಹೆತ್ತೂರಿನ ಕಡೆ ಮಳೆ ಜಡಿದು ಮಣ್ಣಿನ ಸತ್ವ ತೊಳೆದುಹೋಗಿ ಗಿಡ ಹಳದಿಯಾದರೆ, ಪೂರ್ವಕ್ಕೆ ಆಲೂರು, ಪಾಳ್ಯದ ಕಡೆ ಮರಗಸಿ (ನೆರಳುಮರದ ಕೊಂಬೆ ಕಡಿಯುವುದು) ಹೆಚ್ಚಾಗಿ ಬಿಸಿಲು ನೇರವಾಗಿ ಬಿದ್ದು ಹಳದಿಯಾಗಿರಬಹುದು. ಗದ್ದೆಯನ್ನು ತೋಟ ಮಾಡಿದ ಕಡೆ ನೀರು ಬಸಿಯದೆ ಬೇರಿಗೆ ಶೀತ ಹೊಡೆದಿರುತ್ತದೆ. ಈ ಮೂರಕ್ಕೂ ಒಂದೇ ಬಾಟಲಿಯಲ್ಲಿ ಮದ್ದಿಲ್ಲ. ಶೀತ ಹೊಡೆದ ಗಿಡಕ್ಕೆ ಬೇಕಿರುವುದು ಬಸಿಗಾಲುವೆ. ಬಿಸಿಲಿಗೆ ಸಿಕ್ಕ ಗಿಡಕ್ಕೆ ಬೇಕಿರುವುದು ನೆರಳು, ಬುಡಕ್ಕೆ ಒಂದಷ್ಟು ದರಗು.

ಹಾಗಾದರೆ ಏನು ನೋಡಬೇಕು? ಮೊದಲು, ಹಳದಿಯಾಗಿರುವುದು ಕೆಳಗಿನ ಹಳೆಯ ಎಲೆಯೋ ತುದಿಯ ಚಿಗುರೋ ನೋಡಿ. ಸಾರಜನಕ, ಪೊಟ್ಯಾಷ್, ಮೆಗ್ನೀಸಿಯಂ ಕೊರತೆ ಬಿದ್ದಾಗ ಗಿಡ ಅವನ್ನು ಹಳೆಯ ಎಲೆಯಿಂದ ಎಳೆದು ಹೊಸ ಚಿಗುರಿಗೆ ಕೊಡುತ್ತದೆ. ಆದ್ದರಿಂದ ಕೆಳಗಿನ ಎಲೆ ಮೊದಲು ಸೊರಗುತ್ತದೆ. ಎಲೆ ಇಡಿಯಾಗಿ ಬಿಳಿಚಿಕೊಂಡಿದ್ದರೆ ಸಾರಜನಕ, ನರ ಹಸಿರಾಗಿ ಉಳಿದು ನಡುವೆ ಮಾತ್ರ ಹಳದಿಯಾಗಿದ್ದರೆ ಮೆಗ್ನೀಸಿಯಂ, ಅಂಚು ಸುಟ್ಟಂತಿದ್ದರೆ ಪೊಟ್ಯಾಷ್ ಕಡಿಮೆಯಾಗಿದೆ ಎಂದು ಅನುಮಾನಿಸಬೇಕು. ಕಬ್ಬಿಣ, ಸತುವು ಹಾಗೆ ಸುಲಭವಾಗಿ ಜಾಗ ಬದಲಿಸುವುದಿಲ್ಲ, ಅವುಗಳ ಕೊರತೆ ಚಿಗುರಿನಲ್ಲೇ ಕಾಣುತ್ತದೆ. ಎಳೆ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರು ಬಲೆಯಂತೆ ಎದ್ದು ಕಂಡರೆ ಕಬ್ಬಿಣ ಸಿಗುತ್ತಿಲ್ಲ ಎಂದರ್ಥ. ಸುಣ್ಣ ಅತಿಯಾದ ಕಡೆ, ನೀರು ನಿಂತ ಕಡೆ ಹೀಗಾಗುವುದು ಹೆಚ್ಚು. ಚಿಗುರೆಲೆ ಪಟ್ಟಿಯಂತೆ ಸಣ್ಣಗಾಗಿ ಗೊಂಚಲುಗಟ್ಟಿದರೆ ಅದು ಸತುವಿನ ಕೊರತೆ. ಆದರೆ ಸಾಲಿನ ನಡುವೆ ಗ್ಲೈಫೋಸೇಟ್ ಹೊಡೆಸಿದಾಗ ಅದರ ಹನಿ ಗಿಡಕ್ಕೆ ತಗುಲಿದರೂ ಎಲೆ ಹೆಚ್ಚುಕಡಿಮೆ ಹೀಗೇ ಆಗುತ್ತದೆ. ಕಳೆನಾಶಕ ಯಾವಾಗ ಹೊಡೆದದ್ದು ಎಂದು ತೋಟದ ರೈಟರನ್ನು ವಿಚಾರಿಸದೆ ಸತುವು ಕೊಳ್ಳಬೇಡಿ.

ಆಮೇಲೆ ಎಲೆಯನ್ನು ಮಗುಚಿ ನೋಡಿ. ಮೇಲೆ ಮಾಸಲು ಹಳದಿ ಚುಕ್ಕೆ, ಕೆಳಗೆ ಕಿತ್ತಳೆ ಬಣ್ಣದ ಪುಡಿ ಇದ್ದು, ಉಜ್ಜಿದರೆ ಬೆರಳಿಗೆ ಅಂಟಿದರೆ ಅದು ಎಲೆ ತುಕ್ಕು ರೋಗ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು ಅಲ್ಲಿನ ಕಾಫಿ ತೋಟಗಳನ್ನು ಚಹಾ ತೋಟಗಳಾಗಿ ಬದಲಿಸಿದ್ದು ಇದೇ ಶಿಲೀಂಧ್ರ. ನಮ್ಮಲ್ಲಿ 1925ರಲ್ಲಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಶುರುವಾದ ಮೇಲೆ ಅಲ್ಲಿನ ವಿಜ್ಞಾನಿಗಳ ಬಹಳಷ್ಟು ಶ್ರಮ ಇದನ್ನು ತಡೆಯುವ ತಳಿಗಳಿಗಾಗಿ ಹೋಗಿದೆ. ರೊಬಸ್ಟಾ ಇದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ, ಅರೇಬಿಕಾ ನೆಟ್ಟವರು ಮಾತ್ರ ಮೈಮರೆಯಬಾರದು.

ತುಕ್ಕಿಗೆ ಬೋರ್ಡೋ ದ್ರಾವಣ ಈಗಲೂ ಒಳ್ಳೆಯ ಮದ್ದು. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, 200 ಲೀಟರ್ ನೀರು ಹಾಕಿದರೆ ಶೇ. 0.5ರ ದ್ರಾವಣ. ಎರಡನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಕರಗಿಸಿ ಸೋಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಆಮೇಲೆ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿಗೆ ಕೆಂಪಗೆ ತಾಮ್ರ ಕಟ್ಟಿದ್ದರೆ ಸುಣ್ಣ ಸಾಲದು. ಇನ್ನಷ್ಟು ಹಾಕಿ ಮತ್ತೆ ಅದ್ದಿ ನೋಡಿ. ಈ ಪರೀಕ್ಷೆ ಬಿಟ್ಟರೆ ಎಳೆ ಗಿಡದ ಎಲೆ ಸುಟ್ಟುಹೋಗುತ್ತದೆ, ಆಗ ಅದಕ್ಕೂ ಇನ್ನೊಂದು ರೋಗದ ಹೆಸರಿಡುತ್ತೇವೆ. ಕಲಸಿದ ದಿನವೇ ಹೊಡೆದು ಮುಗಿಸಿ, ಎಲೆಯ ಅಡಿಭಾಗ ನೆನೆಯುವಂತೆ ಹೊಡೆಸಿ. ತುಕ್ಕಿನ ಬೀಜಕಣ ಒಳಹೊಗುವುದು ಅಲ್ಲಿಂದಲೇ.

ಎಲೆಯಲ್ಲಿ ಏನೂ ತಿಳಿಯದಿದ್ದರೆ ಬುಡಕ್ಕೆ ಹೋಗಿ. ತೀರಾ ಸೊರಗಿದ ಗಿಡ ಒಂದನ್ನು ಕಿತ್ತು ನೋಡಲು ಹಿಂಜರಿಯಬೇಡಿ, ಒಂದು ಗಿಡ ಹೋದರೂ ಉಳಿದವುಗಳ ಕಥೆ ಗೊತ್ತಾಗುತ್ತದೆ. ಬೇರು ಕಪ್ಪಾಗಿ ಸಿಪ್ಪೆ ಕಳಚುತ್ತಿದ್ದರೆ ಶೀತ ಹೆಚ್ಚಾಗಿದೆ. ಎಳೆ ಬೇರುಗಳನ್ನು ಯಾರೋ ಕಚ್ಚಿದಂತಿದ್ದರೆ ಮಣ್ಣು ಕೆದಕಿ ಗೊಣ್ಣೆ ಹುಳು ಹುಡುಕಿ. ತಾಯಿಬೇರು ಕೊಕ್ಕೆಯಂತೆ ಮಡಚಿಕೊಂಡಿದ್ದರೆ ತಪ್ಪು ನೆಡುವ ದಿನವೇ ಆಗಿದೆ. ನರ್ಸರಿ ಚೀಲದ ತಳದಲ್ಲಿ ಸುತ್ತಿಕೊಂಡಿದ್ದ ಬೇರನ್ನು ಕತ್ತರಿಸದೆ ಗುಂಡಿಗಿಳಿಸಿದ ಅಂಥ ಗಿಡ, ಮೇಲಿನಿಂದ ಎಷ್ಟು ಔಷಧಿ ಹೊಡೆದರೂ ಚೇತರಿಸಿಕೊಳ್ಳುವುದಿಲ್ಲ, ಕಿತ್ತು ಬೇರೆ ನೆಡುವುದೇ ಲೇಸು.

ಮಣ್ಣು ಪರೀಕ್ಷೆ ಮಾಡಿಸದೆ ಸುಣ್ಣವನ್ನಾಗಲಿ ಗೊಬ್ಬರವನ್ನಾಗಲಿ ಹಾಕಬೇಡಿ. ನಮ್ಮ ಮಳೆಗೆ ಮಣ್ಣು ಹುಳಿಯಾಗುತ್ತದೆ. ಕಾಫಿಗೆ ಪಿಎಚ್ 6ರಿಂದ 6.5ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಅದಕ್ಕಿಂತ ಬಹಳ ಕೆಳಗಿಳಿದ ಮಣ್ಣಿನಲ್ಲಿ ಹಾಕಿದ ಗೊಬ್ಬರ ಗಿಡಕ್ಕೆ ಸರಿಯಾಗಿ ದಕ್ಕುವುದಿಲ್ಲ. ತೋಟದ ಐದಾರು ಕಡೆ ಮೇಲಿನ ದರಗು ಸರಿಸಿ, ಒಂಬತ್ತು ಇಂಚು ಆಳದವರೆಗಿನ ಮಣ್ಣು ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆ.ಜಿ.ಯಷ್ಟು ಕೊಟ್ಟರೆ ಸಾಕು. ಗದ್ದೆ ಬಯಲು, ಗುಡ್ಡದ ಇಳಿಜಾರು, ಶುಂಠಿ ಬೆಳೆದು ಬಿಟ್ಟ ಜಾಗ, ಇವುಗಳ ಮಣ್ಣನ್ನು ಒಂದಕ್ಕೊಂದು ಬೆರೆಸಬೇಡಿ. ಸಕಲೇಶಪುರದ ಕಾಫಿ ಮಂಡಳಿ ಕಚೇರಿಯವರು, ಕಂದಲಿಯ ಕೃಷಿ ವಿಜ್ಞಾನ ಕೇಂದ್ರದವರು ಇರುವುದೇ ನಮ್ಮಂಥವರ ಪ್ರಶ್ನೆಗೆ ಉತ್ತರಿಸಲು. ಅವರನ್ನು ಕೇಳಲು ಸಂಕೋಚ ಬೇಡ.

ನಿಮ್ಮ ತೋಟ, ನಿಮ್ಮ ದುಡ್ಡು, ಇವನಿಗೇನು ಎಂದು ನೀವು ಕೇಳಬಹುದು. ಆದರೆ ನಿಮ್ಮ ಇಳಿಜಾರಿನ ನೀರು ಹಳ್ಳ ಸೇರಿ ಹೇಮಾವತಿಗೆ ಹೋಗುತ್ತದೆ, ಅದನ್ನು ಕುಡಿಯುವ ಊರುಗಳಿವೆ. ಬೇಡದ ಔಷಧಿಯನ್ನು ಬೆನ್ನಿಗೆ ಹೊತ್ತು, ಮುಖಕ್ಕೆ ಬಟ್ಟೆಯೂ ಇಲ್ಲದೆ ಹೊಡೆಯುವವರು ನಮ್ಮ ಊರಿನ ಕೂಲಿಯವರು. ಕೀಟದ ವಿಷಯವೂ ಹಾಗೆಯೇ. ಅರೇಬಿಕಾ ಗಿಡದ ಎಲೆ ಹಳದಿಯಾಗಿ ಜೋತುಬಿದ್ದು, ಕಾಂಡದ ಮೇಲೆ ಉಂಗುರದಂತೆ ಉಬ್ಬು ಕಂಡರೆ ಒಳಗೆ ಬಿಳಿ ಕಾಂಡಕೊರಕ ಸೇರಿದೆ. ಆ ಗಿಡವನ್ನು ಕಿತ್ತು ಸುಡದೆ ಬಿಟ್ಟರೆ ಹೊರಬರುವ ದುಂಬಿಗೆ ನಿಮ್ಮ ಬೇಲಿ ಲೆಕ್ಕಕ್ಕಿಲ್ಲ, ಪಕ್ಕದ ಅರ್ಧ ಎಕರೆಯವನ ಗಿಡಕ್ಕೂ ಅದು ಮೊಟ್ಟೆಯಿಡುತ್ತದೆ.

ಆದ್ದರಿಂದ ಕೇಳಿಕೊಳ್ಳುವುದಿಷ್ಟೇ. ಔಷಧಿ ಕೊಳ್ಳುವ ಮುಂಚೆ ಒಂದು ಬೆಳಗ್ಗೆ ತೋಟ ಸುತ್ತಿ, ಎಲ್ಲೆಲ್ಲಿ ಎಂಥ ಹಳದಿ ಎಂದು ಬರೆದಿಡಿ. ಪಕ್ಕದ ತೋಟದವರನ್ನು ಕರೆದು ತೋರಿಸಿ, ಅವರ ತೋಟಕ್ಕೂ ಹೋಗಿ ನೋಡಿ. ಇಲ್ಲಿ ಐವತ್ತು ಮಳೆಗಾಲ ಕಂಡ ಹಿರಿಯರು ಇನ್ನೂ ಇದ್ದಾರೆ, ಕರೆದರೆ ಬರುತ್ತಾರೆ. ಬೇಕೆಂದರೆ ನಾನೂ ಬರುತ್ತೇನೆ.

ಇಂತಿ ನಿಮ್ಮವ,
ಆಲೂರು ತಾಲ್ಲೂಕಿನ ಒಬ್ಬ ಕಾಫಿ ಬೆಳೆಗಾರ