ಎರಡಕ್ಷರದ ಅಪ್ಪಣೆ

ಗಣೇಶಗುಡಿಯ ಬಳಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ನೀರು ಬಿಟ್ಟರೆ ಕೆಳಗೆ ಕಾಳಿ ನದಿಯಲ್ಲಿ ರಬ್ಬರ್ ದೋಣಿಗಳು ಇಳಿಯುತ್ತವೆ. ಹತ್ತುವ ಮೊದಲು ದಡದಲ್ಲಿ ಐದು ನಿಮಿಷದ ಪಾಠವಿರುತ್ತದೆ. ‘ಫಾರ್ವರ್ಡ್’ ಎಂದರೆ ಮುಂದಕ್ಕೆ ಹುಟ್ಟು ಹಾಕಬೇಕು, ‘ಬ್ಯಾಕ್’ ಎಂದರೆ ಹಿಂದಕ್ಕೆ, ‘ಸ್ಟಾಪ್’ ಎಂದರೆ ಹುಟ್ಟು ಹಾಕುವುದನ್ನು ನಿಲ್ಲಿಸಬೇಕು, ‘ಗೆಟ್ ಡೌನ್’ ಎಂದರೆ ದೋಣಿಯ ತಳಕ್ಕೆ ಕುಸಿದು ಕೂರಬೇಕು. ಅಲ್ಲಿಗೆ ವ್ಯಾಕರಣ ಮುಗಿಯಿತು. ಬಂಡೆ ಎದುರಿಗೆ ಬಂದಾಗ ಗೈಡ್ ಬಣ್ಣದ ಚಿತ್ರಗಳ ಫಲಕ ಎತ್ತಿ ಹಿಡಿದು ‘ಇವುಗಳಲ್ಲಿ ಒಂದನ್ನು ಆರಿಸಿ’ ಎನ್ನುವುದಿಲ್ಲ. ಹಾಗೆಂದವನ ದೋಣಿಗೆ ಮರುದಿನ ಗಿರಾಕಿ ಸಿಗುವುದು ಕಷ್ಟ. ಆದರೂ ಕಂಪ್ಯೂಟರಿನಲ್ಲಿ ಯಾರಾದರೂ ಕಪ್ಪು ಪರದೆ ತೆರೆದು ಒಂದು ಸಾಲು ಟೈಪ್ ಮಾಡಿದರೆ ಅಕ್ಕಪಕ್ಕದವರು ಮಂತ್ರವಾದಿಯನ್ನು ಕಂಡವರಂತೆ ಸರಿದು ನಿಲ್ಲುತ್ತಾರೆ. ಟರ್ಮಿನಲ್ ಎಂಬ ಈ ಪರದೆಯಲ್ಲಿ ಮಂತ್ರವೇನೂ ಇಲ್ಲ. ಏನು ಬೇಕೆಂದು ಗೊತ್ತಿದ್ದವರು ಅದನ್ನು ಬಾಯಿಬಿಟ್ಟು ಹೇಳುವ ಜಾಗ ಅದು, ಅಷ್ಟೆ.

ಟರ್ಮಿನಲ್ಲಿನ ಅಪ್ಪಣೆಗಳು ಎರಡಕ್ಷರದಷ್ಟು ಮೊಟಕಾಗಿದ್ದಕ್ಕೆ ಕಾರಣ ಬೆರಳಿನ ಸಂಕಟ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಹುಟ್ಟಿದಾಗ ಕಂಪ್ಯೂಟರಿನೊಡನೆ ಮಾತಾಡಲು ಇದ್ದದ್ದು ಟೆಲಿಟೈಪ್. ಅದರ 33ನೇ ಮಾದರಿ ಸೆಕೆಂಡಿಗೆ ಹತ್ತು ಅಕ್ಷರ ಮಾತ್ರ ಅಚ್ಚು ಹಾಕುತ್ತಿತ್ತು, ಅದೂ ಕಟಕಟ ಸದ್ದು ಮಾಡಿಕೊಂಡು. ಹಾಗಾಗಿ ‘ಲಿಸ್ಟ್’ ಸವೆದು ‘ಎಲ್‌ಎಸ್’ ಆಯಿತು, ‘ರಿಮೂವ್’ ಸವೆದು ‘ಆರ್‌ಎಂ’. ‘ಕ್ರಿಯೇಟ್’ ಎಂಬ ಪದ ಕೊನೆಯ ಇ ಅಕ್ಷರವನ್ನು ಕಳಕೊಂಡು ಇಂದಿಗೂ ಹಾಗೇ ಓಡಾಡಿಕೊಂಡಿದೆ. ‘ಹೊರಟಿದ್ದೇನೆ’ ಎನ್ನುವುದನ್ನು ‘ಹೊಂಟೇನಿ’ಗೆ ಇಳಿಸಿದ ಹಳಿಯಾಳ ಸೀಮೆಯವರಿಗೆ ಈ ಮಿತವ್ಯಯವನ್ನು ಬಿಡಿಸಿ ಹೇಳಬೇಕಿಲ್ಲ.

1984ರಲ್ಲಿ ಮೆಕಿಂಟಾಷ್ ಬಂದ ಮೇಲೆ ಚಿತ್ರ, ಮೌಸ್‌ಗಳೇ ಮನೆಮಾತಾದವು. ಅದರಿಂದ ಕೋಟಿಗಟ್ಟಲೆ ಜನಕ್ಕೆ ಉಪಕಾರವೂ ಆಯಿತು. ಆದರೆ ಬೆರಳು ತೋರಿಸಿ ಕೇಳಲು ವಸ್ತು ಕಣ್ಣೆದುರಿಗೆ ಇರಬೇಕು. ಹೋಟೆಲಿನ ಗಾಜಿನ ಪೆಟ್ಟಿಗೆಯಲ್ಲಿರುವ ವಡೆಯನ್ನು ಬೆರಳಲ್ಲಿ ತೋರಿಸಬಹುದು. ‘ಎರಡಿಡ್ಲಿ ಒಂದ್ವಡೆ, ಸಾಂಬಾರ್ ಬೇರೆ, ಚಟ್ನಿ ಜಾಸ್ತಿ’ ಎಂಬುದನ್ನು ತೋರಿಸಲು ಕಥಕಳಿಯೇ ಬೇಕಾದೀತು. ಟರ್ಮಿನಲ್ಲಿನ ಸಾಲೂ ಹೀಗೇ: ಮೊದಲು ಕೆಲಸ, ಆಮೇಲೆ ಯಾವುದರ ಮೇಲೆ, ಜೊತೆಗೆ ‘ಸಾಂಬಾರ್ ಬೇರೆ’ಯಂಥ ಷರತ್ತುಗಳು. ದೋಣಿಯೇರಿದವರ ಸಾವಿರ ಫೋಟೊಗಳಿಗೆ ತಾರೀಕಿನ ಪ್ರಕಾರ ಹೆಸರಿಡಬೇಕೆಂದರೆ ಮೌಸ್ ಹಿಡಿದವರಿಗೆ ಸಂಜೆಯಾಗುತ್ತದೆ. ಅಪ್ಪಣೆ ಬಲ್ಲವರಿಗೆ ಒಂದು ಸಾಲು ಸಾಕು, ಉಳಿದ ಹೊತ್ತು ಚಹಾಕ್ಕೆ.

ಇಷ್ಟೆಲ್ಲ ಯಾರು ನೆನಪಿಡುತ್ತಾರೆ ಎಂಬ ಆಕ್ಷೇಪವಿದೆ. ಅಪ್ಪಣೆಗಳು ನೂರಾರು ಇರುವುದು ನಿಜ, ಆದರೆ ದಿನಬಳಕೆಗೆ ಬರುವುದು ಹತ್ತೋ ಹದಿನೈದೋ. ಕಂಡಕ್ಟರ್ ‘ರೈಟ್’ ಎಂದರೆ ಬಸ್ಸು ಬಲಕ್ಕೆ ತಿರುಗದೆ ನೆಟ್ಟಗೆ ಹೊರಡುತ್ತದೆ ಎಂಬ ವಿಚಿತ್ರವನ್ನೇ ನಾವು ತಕರಾರಿಲ್ಲದೆ ಕಲಿತಿದ್ದೇವೆ. ಇನ್ನು ಚಿತ್ರವಿರುವಾಗ ಅಕ್ಷರವೇಕೆ ಎನ್ನುವವರು ಜೋಯಿಡಾದ ಕಾಡಿನೊಳಗೆ, ಸಿಗ್ನಲ್ಲಿನ ಒಂದೇ ಕಡ್ಡಿ ಮಿಣುಕುವಲ್ಲಿ, ಬ್ಯಾಂಕಿನ ಆ್ಯಪ್ ತೆರೆದು ನೋಡಬೇಕು. ಗಾಲಿ ತಿರುಗುತ್ತದೆ, ಲೋಗೊ ಅರ್ಧ ಮೂಡುತ್ತದೆ, ಉಳಿದರ್ಧಕ್ಕೆ ಗುಡ್ಡ ಹತ್ತಬೇಕು. ಅದೇ ಜಾಗದಲ್ಲಿ ಹಳೆಯ ಗುಂಡಿ ಫೋನಿನಿಂದ *99# ಒತ್ತಿದರೆ ಇಂಟರ್ನೆಟ್ಟಿನ ಹಂಗಿಲ್ಲದೆ ಖಾತೆಯ ಬಾಕಿ ಗೊತ್ತಾಗುತ್ತದೆ. ಇದು ಅಪ್ಪಟ ಅಪ್ಪಣೆಯ ಸಾಲಲ್ಲ, ಅಂಕಿ ಒತ್ತಿ ಮುಂದೆ ಸಾಗುವ ಪಟ್ಟಿ ಎಂದು ಶಾಸ್ತ್ರಿಗಳು ಮೂಗೆಳೆಯಬಹುದು. ಮೂಗೆಳೆಯಲಿ. ಅಕ್ಷರ ಹಗುರ, ಚಿತ್ರ ಭಾರ ಎಂಬುದಂತೂ ಅಲ್ಲಿ ತಕ್ಕಡಿಯಿಲ್ಲದೆ ತಿಳಿಯುತ್ತದೆ.

ಅಪಾಯದ ಮಾತು ಮಾತ್ರ ತೂಕದ್ದು. ಯುನಿಕ್ಸ್ ಮಿತಭಾಷಿ, ಕೆಲಸ ಸರಿಯಾಗಿ ಆದರೆ ಸಾಮಾನ್ಯವಾಗಿ ತುಟಿ ಬಿಚ್ಚುವುದಿಲ್ಲ. ಆರ್‌ಎಂ ಎಂದರೆ ಅಳಿಸುತ್ತದೆ, ಕಸದ ಬುಟ್ಟಿಯಲ್ಲೂ ಉಳಿಸುವುದಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂಬುದನ್ನು ಇಷ್ಟು ಕಟ್ಟುನಿಟ್ಟಾಗಿ ಪಾಲಿಸುವ ಮತ್ತೊಂದು ಯಂತ್ರವಿಲ್ಲ. ಕಿಟಕಿಗಳ ಲೋಕವಾದರೋ ‘ಖಚಿತವೇ?’ ಎಂದು ಕೇಳುತ್ತದೆ. ನಾವು ಓದದೆಯೇ ‘ಹೌದು’ ಒತ್ತುತ್ತೇವೆ, ಆಮೇಲೆ ತಲೆಯ ಮೇಲೆ ಕೈ.

ಕನ್ನಡದ ತಕರಾರಂತೂ ಪೂರಾ ನ್ಯಾಯವಾದದ್ದು. ಟರ್ಮಿನಲ್ ಅಕ್ಷರಗಳನ್ನು ಒಂದೇ ಅಳತೆಯ ಚೌಕಗಳಲ್ಲಿ ಕೂರಿಸುತ್ತದೆ. ಯುನಿಕೋಡಿನಲ್ಲಿ ‘ಸ್ತ್ರೀ’ ಎಂಬ ಒಂದಕ್ಷರಕ್ಕೆ ಆರು ಸಂಕೇತ. ಎಷ್ಟೋ ಟರ್ಮಿನಲ್‌ಗಳಲ್ಲಿ ಒತ್ತಕ್ಷರಗಳು ಜಾತ್ರೆಯಲ್ಲಿ ಕೈತಪ್ಪಿದ ಮಕ್ಕಳಂತೆ ಚದುರಿ ನಿಲ್ಲುತ್ತವೆ. ಆದರೂ ಯುನಿಕ್ಸ್ ಬಳಗದ ಲಿನಕ್ಸ್‌ನಲ್ಲಿ ‘ಏಲಿಯಾಸ್’ ಎಂಬ ಸೌಕರ್ಯವಿದೆ: ಯಾವ ಅಪ್ಪಣೆಗೂ ನಮಗೆ ಬೇಕಾದ ಅಡ್ಡಹೆಸರು ಇಡಬಹುದು, ಕನ್ನಡದಲ್ಲೂ. ಎಲ್‌ಎಸ್‌ಗೆ ‘ತೋರ್ಸು’ ಎಂದಿಡಿ, ಚೆನ್ನಾಗಿರುತ್ತದೆ. ಆರ್‌ಎಂಗೆ ಮಾತ್ರ ‘ಹೋಗ್ಲಿಬಿಡು’ ಎಂದಿಡಬೇಡಿ. ದಿನಕ್ಕೆ ಇಪ್ಪತ್ತು ಸಲ, ಯೋಚಿಸದೆ ಬರುವ ಮಾತದು.