ವಜ್ರದ ಮುಳ್ಳು, ಗಂಡನ ಕೆಮ್ಮು

ಪಿ. ಕಾಳಿಂಗರಾಯರ ಎಲ್‌ಪಿಯಲ್ಲಿ 'ಸ' ಬಂದಾಗಲೆಲ್ಲ ಕುಕ್ಕರ್ ಸೀಟಿ ಹೊಡೆದಂತೆ ಕೇಳತೊಡಗಿದರೆ ತಪ್ಪು ರಾಯರದಲ್ಲ, ಬಹುತೇಕ ತಟ್ಟೆಯ ಮೇಲೆ ಓಡುವ ಕಾರ್ಟ್ರಿಜ್‌ನ ಮುಳ್ಳಿನದು. ತುದಿಯಲ್ಲಿ ವಜ್ರವೇ ಇದ್ದರೂ ಅದರ ಆಯಸ್ಸು ಸಾಮಾನ್ಯವಾಗಿ 500ರಿಂದ 1000 ಗಂಟೆ. ವಜ್ರ ಸವೆಯುವುದೇ ಇಲ್ಲ ಎನ್ನುವ ಒಡವೆ ಅಂಗಡಿಯವರು ಎಲ್‌ಪಿ ಕೇಳಿದವರಲ್ಲ. ಸವೆದ ಮುಳ್ಳು ತಾನು ಹಾಳಾಗಿದ್ದು ಸಾಲದೆಂದು ತಟ್ಟೆಯ ಗೆರೆಗಳನ್ನೂ ಕೆರೆದು ಹಾಕುತ್ತದೆ.

ಕಾರ್ಟ್ರಿಜ್ ಮೂವಿಂಗ್ ಮ್ಯಾಗ್ನೆಟ್ ಜಾತಿಯದಾದರೆ ಗೃಹಸ್ಥ ಬಚಾವ್. ಮುಳ್ಳಿನ ಭಾಗವನ್ನಷ್ಟೇ ಎಳೆದು ಹೊಸದನ್ನು ಸಿಕ್ಕಿಸಿದರಾಯಿತು. ಶೂರ್ ಕಂಪನಿ 2018ರಲ್ಲಿ ಕಾರ್ಟ್ರಿಜ್ ತಯಾರಿಕೆಗೆ ಕೈಮುಗಿದರೂ ಅದರ ಎಷ್ಟೋ ಮಾಡೆಲ್‌ಗಳಿಗೆ ಜಪಾನಿನ ಜಿಕೊ ಮುಳ್ಳು ಮಾಡಿಕೊಡುತ್ತದೆ, ಪುಣ್ಯಾತ್ಮರು.

ಗಲಾಟೆಯೆಲ್ಲ ಮೂವಿಂಗ್ ಕಾಯಿಲ್‌ನದು. ಅದರ ಮುಳ್ಳು ಸಾಮಾನ್ಯವಾಗಿ ಕಳಚಿ ಬರುವುದಿಲ್ಲ. ಇಡೀ ಕಾರ್ಟ್ರಿಜನ್ನೇ ಪಾರ್ಸೆಲ್ ಮಾಡಿ, ಸೂಕ್ಷ್ಮದರ್ಶಕದಡಿ ಹೊಸ ವಜ್ರ ಕೂರಿಸುವವರಿಗೆ ಕಳಿಸಬೇಕು. ಒಳಗಿನ ರಬ್ಬರ್ ಗಟ್ಟಿಯಾಗಿಬಿಟ್ಟಿದ್ದರೆ ವಜ್ರವೊಂದನ್ನೇ ಬದಲಿಸಿ ಪ್ರಯೋಜನವೂ ಇಲ್ಲ. ನನ್ನನ್ನು ಕೇಳಿದರೆ, ಅಗ್ಗದ್ದಾದರೆ ಹೊಸದು, ದುಬಾರಿಯದಾದರೆ ರಿಪೇರಿ. ಎರಡಕ್ಕೂ ಮೊದಲು ಮುಳ್ಳಿಗಂಟಿದ ಧೂಳನ್ನು ಮೆತ್ತನೆಯ ಬ್ರಷ್‌ನಿಂದ ತೆಗೆದು ನೋಡಿ. ಎಷ್ಟೋ ಸಲ ಅಪರಾಧಿ ಅದೇ.

ಇಷ್ಟೆಲ್ಲ ಶಾಸ್ತ್ರ ಕೇಳಿದ ಮೇಲೂ ಹೆಂಡತಿಯ ಪ್ರಶ್ನೆ ಒಂದೇ.

"ಅಲ್ಲಾ ರೀ, ರಿಪೇರಿಗೆ ಎಷ್ಟಾಗತ್ತೆ?"

"ಹೊಸದಕ್ಕಿಂತ ಕಡಿಮೆ ಕಣೇ."

"ಹೊಸದಕ್ಕೆಷ್ಟು?"

ಇಲ್ಲಿ ಗಂಡಸರಿಗೆ ಸಾಮಾನ್ಯವಾಗಿ ಕೆಮ್ಮು ಬರುತ್ತದೆ.